ಡಬ್ಬಿ ಹಣ್ಣಿನ ಕೇಕ್: ತಳ ಅಂಟಾಗುವುದು ಕೊನೆಗೂ ನಿಂತಿತು

ಡಬ್ಬಿಯ ಅನಾನಸ್ ಹಾಕಿದ ಕೇಕ್ ಮೇಲೆ ಚೆನ್ನಾಗಿ ಉಬ್ಬಿದರೂ ತಳ ಅಂಟಂಟಾಗಿಯೇ ಉಳಿಯುತ್ತಿತ್ತು. ಹೋಳುಗಳೆಲ್ಲ ಅಡಿಗೆ ಇಳಿದಿರುತ್ತಿದ್ದವು. ತೊಂದರೆ ಇದ್ದದ್ದು ಓವನ್‌ನಲ್ಲಲ್ಲ, ಹಣ್ಣಿನ ರಸದಲ್ಲಿ. ಈಗ ಹಣ್ಣನ್ನು ಜರಡಿಯಲ್ಲಿ ಅರ್ಧ ಗಂಟೆ ಬಸಿಯಲು ಬಿಟ್ಟು, ಬಟ್ಟೆಯಲ್ಲಿ ಒತ್ತಿ, ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ, ಒಂದು ಚಮಚ ಮೈದಾದಲ್ಲಿ ಹೊರಳಿಸುತ್ತೇನೆ. ಹಿಟ್ಟು ಚಮಚದಿಂದ ದಪ್ಪ ಪಟ್ಟಿಯಾಗಿ ಬೀಳುವಷ್ಟು ಗಟ್ಟಿ ಇದ್ದರೆ ಹೋಳುಗಳು ಮುಳುಗುವುದಿಲ್ಲ.

ಬಸಿದ ಪಾಕವನ್ನು ದಯವಿಟ್ಟು ಚೆಲ್ಲಬೇಡಿ! ಹಾಲಿನ ಬದಲು ಅದನ್ನೇ ಹಾಕಿ, ಸಕ್ಕರೆಯನ್ನು ಎರಡು ಚಮಚ ತಗ್ಗಿಸಿ. ಬೆಣ್ಣೆಗಿಂತ ಎಣ್ಣೆ ವಾಸಿ. ತಣ್ಣಗಾದರೂ ಅದು ಗಟ್ಟಿಯಾಗದ ಕಾರಣ ಮರುದಿನವೂ ಕೇಕ್ ಮೆತ್ತಗಿರುತ್ತದೆ. 170 ಡಿಗ್ರಿ ಸೆಲ್ಸಿಯಸ್ ಸಾಕು. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿಹಿಟ್ಟು ಅಂಟದಿದ್ದಾಗ ಹೊರತೆಗೆಯಿರಿ.