ಮೂರು ಚಿತ್ರಗಳಿಂದ ಒಂದು ‘ಹಾಬಿಟ್’: ಮರುಸಂಕಲನದ ನನ್ನ ಅನುಭವ

ಟೋಲ್ಕಿನ್ ಅವರ ‘ದಿ ಹಾಬಿಟ್’ 1937ರಲ್ಲಿ ಪ್ರಕಟವಾದ, 19 ಅಧ್ಯಾಯಗಳ, ಮಕ್ಕಳಿಗೆಂದು ಬರೆದ ಕಾದಂಬರಿ: ಹಾಬಿಟ್ ಎಂಬ ಕುಳ್ಳ ಜನಾಂಗದ ಬಿಲ್ಬೋ, ಡ್ರ್ಯಾಗನ್ ವಶದಲ್ಲಿರುವ ಎರೆಬೋರ್ ಬೆಟ್ಟವನ್ನು ಮರಳಿ ಪಡೆಯಲು ಹೊರಟ ಹದಿಮೂರು ಕುಬ್ಜರ ಜೊತೆ ಹೋಗುವ ಕತೆ. ಅದನ್ನು ಪೀಟರ್ ಜಾಕ್ಸನ್ 2012, 2013 ಮತ್ತು 2014ರ ಡಿಸೆಂಬರ್ ತಿಂಗಳುಗಳಲ್ಲಿ ಮೂರು ಚಿತ್ರಗಳಾಗಿ ತೆರೆಗೆ ತಂದರು. ಮೊದಲಿಗೆ ಎರಡು ಚಿತ್ರಗಳೆಂದು ಯೋಜಿಸಿದ್ದುದು 2012ರ ಜುಲೈನಲ್ಲಿ ಮೂರಾಯಿತು. ಚಿತ್ರಮಂದಿರದ ಆವೃತ್ತಿಗಳ ಅವಧಿ 169, 161 ಮತ್ತು 144 ನಿಮಿಷ. ಒಟ್ಟು 474, ಅಂದರೆ ಎಂಟು ಗಂಟೆಗೆ ಆರು ನಿಮಿಷ ಕಡಿಮೆ. ಡಿಸ್ಕ್‌ನಲ್ಲಿ ಬಂದ ವಿಸ್ತೃತ ಆವೃತ್ತಿಗಳನ್ನು ಕೂಡಿಸಿದರೆ 532 ನಿಮಿಷವಾಗುತ್ತದೆ. ಇವುಗಳಿಂದ ಒಂದೇ ಚಿತ್ರವನ್ನು ಕಟ್ಟಲು ಹಲವು ದೇಶಗಳ ಅಭಿಮಾನಿಗಳು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಪ್ರಯತ್ನಿಸಿದ್ದಾರೆ. ನಾನೂ ಅವರಲ್ಲಿ ಒಬ್ಬ. ಆ ಕೆಲಸವನ್ನು ಹೇಗೆ ಮಾಡಿದೆ, ಯಾವ ದೃಶ್ಯವನ್ನು ಯಾವ ಕಾರಣಕ್ಕೆ ಉಳಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರುಸಂಕಲನಕ್ಕೆ ಕೂತವರು ಸಾಮಾನ್ಯವಾಗಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋಗುತ್ತಾರೆ. ಈ ಕ್ರಮದಲ್ಲಿ ನನಗೆ ನಂಬಿಕೆಯಿಲ್ಲ. ಪುಸ್ತಕದಲ್ಲಿ ಇರುವುದಷ್ಟೇ ಉಳಿದ ಮಾತ್ರಕ್ಕೆ ಅದು ಚಿತ್ರವಾಗುವುದಿಲ್ಲ. ಕೊಂಡಿ ಕಳಚಿದ ತುಣುಕುಗಳ ಸಾಲಾಗುತ್ತದೆ. ನಾನು ಇಟ್ಟುಕೊಂಡ ಅಳತೆಗೋಲು ಬೇರೆ. ಕಾದಂಬರಿಯ ಬಹುಪಾಲು ಬಿಲ್ಬೋ ಬ್ಯಾಗಿನ್ಸ್‌ನ ಕಣ್ಣಿನಿಂದ ನಡೆಯುತ್ತದೆ. ಅವನು ಕಾಣದ್ದನ್ನು ಓದುಗರೂ ಕಾಣುವುದಿಲ್ಲ, ಅವನಿಗೆ ತಡವಾಗಿ ತಿಳಿದದ್ದು ನಮಗೂ ತಡವಾಗಿಯೇ ತಿಳಿಯುತ್ತದೆ. ಆದ್ದರಿಂದ ಪ್ರತಿ ದೃಶ್ಯದ ಮುಂದೆಯೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದನ್ನು ಬಿಲ್ಬೋ ನೋಡುತ್ತಿದ್ದಾನೆಯೇ, ಇಲ್ಲದಿದ್ದರೆ ಅವನ ಮುಂದಿನ ನಡೆಗೆ ಇದು ಅನಿವಾರ್ಯವೇ? ಡ್ರ್ಯಾಗನ್ ಸ್ಮಾಗ್ ಸರೋವರದ ಪಟ್ಟಣ ಲೇಕ್‌ಟೌನ್ ಮೇಲೆರಗಿ ಬಿಲ್ಲುಗಾರ ಬಾರ್ಡ್‌ನ ಬಾಣಕ್ಕೆ ಬಲಿಯಾಗುವ ಭಾಗದಲ್ಲಿ ಸ್ವತಃ ಟೋಲ್ಕಿನ್ ಅವರೇ ಬಿಲ್ಬೋನನ್ನು ಬೆಟ್ಟದಲ್ಲಿ ಬಿಟ್ಟು ಕತೆಯನ್ನು ಪಟ್ಟಣಕ್ಕೆ ಒಯ್ಯುತ್ತಾರೆ. ಹಾಗಾಗಿ ಪ್ರಶ್ನೆಯ ಎರಡನೆಯ ಭಾಗವನ್ನೂ ಸೇರಿಸಿಕೊಳ್ಳಬೇಕಾಯಿತು.

ಇನ್ನೊಂದು ನಿರ್ಧಾರ, ಕೆಲಸವನ್ನು ಕೊನೆಯಿಂದ ಆರಂಭಿಸಿದ್ದು. ಕುಬ್ಜರ ನಾಯಕ ಥೋರಿನ್ ಸಾಯುವ ಮುನ್ನ ಬಿಲ್ಬೋನ ಬಳಿ ಕ್ಷಮೆ ಕೇಳುವ ಗಳಿಗೆ ಪುಸ್ತಕದಲ್ಲೂ ಇದೆ, ಚಿತ್ರದಲ್ಲೂ ಇದೆ. ಎಲ್ಲವೂ ಅಲ್ಲಿಗೇ ಬಂದು ಸೇರಬೇಕು. ಆ ಗಳಿಗೆ ಮನಸ್ಸಿಗೆ ನಾಟಬೇಕಾದರೆ ಅದಕ್ಕೂ ಹಿಂದೆ ಏನೇನು ನಡೆದಿರಲೇಬೇಕು ಎಂದು ಹಿಮ್ಮುಖವಾಗಿ ಪಟ್ಟಿ ಮಾಡಿದೆ. ಮುಂದಿನಿಂದ ಕತ್ತರಿಸುತ್ತ ಬಂದಿದ್ದರೆ ಮೊದಲ ಚಿತ್ರದಲ್ಲಿ ಓರ್ಕ್ ಎಂಬ ದುಷ್ಟ ಜೀವಿಗಳ ನಾಯಕನಾದ ಬಿಳಿ ಓರ್ಕ್ ಅಜೋಗ್‌ನನ್ನು ಪೂರ್ತಿ ತೆಗೆದುಹಾಕುವ ಆಸೆ ಯಾರಿಗಾದರೂ ಬರುತ್ತದೆ, ಏಕೆಂದರೆ ಪುಸ್ತಕದ ಕಾಲಕ್ಕೆ ಅವನು ಎಂದೋ ಸತ್ತಿದ್ದಾನೆ ಮತ್ತು ಅಲ್ಲಿ ಸೈನ್ಯ ನಡೆಸುವವನು ಅವನ ಮಗ ಬೋಲ್ಗ್. ಆದರೆ ಚಿತ್ರದ ಕೊನೆಯ ಯುದ್ಧದಲ್ಲಿ ಥೋರಿನ್‌ನ ಸೋದರಳಿಯ ಫೀಲಿಯನ್ನು ಕೊಲ್ಲುವವನು ಅಜೋಗ್, ಆ ಸಾವನ್ನು ಬಿಲ್ಬೋ ಕಣ್ಣಾರೆ ನೋಡುತ್ತಾನೆ. ಕೊನೆಯಲ್ಲಿ ಇರಲೇಬೇಕಾದವನು ಮೊದಲೇ ಪರಿಚಯವಾಗಬೇಕು. ಆದ್ದರಿಂದ ಕುಬ್ಜ ಬಾಲಿನ್ ಹೇಳುವ ಹಳೆಯ ಕದನದ ಕತೆಯನ್ನೂ, ಮೊದಲ ಚಿತ್ರದ ಕೊನೆಗೆ ಬರುವ ಪೈನ್ ಮರಗಳ ದೃಶ್ಯವನ್ನೂ ಉಳಿಸಿದೆ. ನಡುನಡುವೆ ಅಜೋಗ್ ಬೇಟೆಗೆ ಆಜ್ಞೆ ಕೊಡುವ ದೃಶ್ಯಗಳು ಮಾತ್ರ ಹೋದವು.

ಆ ಕೊನೆಯ ಯುದ್ಧದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಸಂಕಲನದ ಅತ್ಯಂತ ದೊಡ್ಡ ಬದಲಾವಣೆ ಇರುವುದು ಅಲ್ಲಿ. ಪುಸ್ತಕದಲ್ಲಿ ಹದ್ದುಗಳು ಬರುವ ಹೊತ್ತಿಗೆ ಬಿಲ್ಬೋನ ತಲೆಗೆ ಕಲ್ಲೊಂದು ಬಡಿದು ಅವನು ಪ್ರಜ್ಞೆ ತಪ್ಪುತ್ತಾನೆ. ಎಚ್ಚರವಾದಾಗ ಯುದ್ಧ ಮುಗಿದಿರುತ್ತದೆ. ಚಿತ್ರದಲ್ಲೂ ರೇವನ್‌ಹಿಲ್ ಗುಡ್ಡದ ಮೇಲೆ ಅವನು ಪೆಟ್ಟು ತಿಂದು ಬೀಳುತ್ತಾನೆ, ಕಣ್ಣು ಬಿಟ್ಟಾಗ ಮೇಲೆ ಹದ್ದುಗಳು ಕಾಣುತ್ತವೆ. ಇವೆರಡರ ನಡುವೆ ಮಂಜುಗಡ್ಡೆಯ ಮೇಲೆ ಥೋರಿನ್ ಮತ್ತು ಅಜೋಗ್‌ರ ದೀರ್ಘ ದ್ವಂದ್ವಯುದ್ಧವಿದೆ, ಬೋಲ್ಗ್‌ನ ಕೈಯಲ್ಲಿ ಫೀಲಿಯ ಸೋದರ ಕೀಲಿಯ ಸಾವಿದೆ, ಎಲ್ಫ್ ಲೆಗೊಲಸ್‌ನ ಸಾಹಸಗಳಿವೆ. ಇದೆಲ್ಲವನ್ನೂ ನಾನು ತೆಗೆದೆ. ಬಿಲ್ಬೋ ಬೀಳುತ್ತಾನೆ, ತೆರೆ ಕಪ್ಪಾಗುತ್ತದೆ, ಯುದ್ಧದ ಸದ್ದು ದೂರದ್ದಾಗಿ ಕ್ಷೀಣಿಸುತ್ತದೆ, ಮತ್ತೆ ಬೆಳಕಾದಾಗ ಆಕಾಶದಲ್ಲಿ ರೆಕ್ಕೆಗಳಿವೆ. ಅವನು ಎದ್ದು ಹೋಗಿ ನೋಡಿದರೆ ಥೋರಿನ್ ಕೊನೆಯುಸಿರಿನಲ್ಲಿದ್ದಾನೆ. ಯಾರು ಯಾರನ್ನು ಹೇಗೆ ಇರಿದರೆಂಬುದು ಪ್ರೇಕ್ಷಕನಿಗೆ ಗೊತ್ತಿಲ್ಲ, ಬಿಲ್ಬೋನಿಗೂ ಗೊತ್ತಿಲ್ಲ. ಥೋರಿನ್‌ನ ಪಶ್ಚಾತ್ತಾಪಕ್ಕೆ ಬೇಕಾದ ಕ್ರಿಯೆ ಅದಾಗಲೇ ಮುಗಿದಿದೆ: ಬಂಗಾರದ ಹುಚ್ಚನ್ನು ಕೊಡವಿಕೊಂಡು ಅವನು ಎರೆಬೋರ್‌ನ ಹೆಬ್ಬಾಗಿಲಿನಿಂದ ಹೊರನುಗ್ಗುವ ದೃಶ್ಯ ಹಾಗೆಯೇ ಉಳಿದಿದೆ.

ಇಲ್ಲೊಂದು ತೊಡಕಿತ್ತು. ಫೀಲಿಯ ಸಾವು ಕಂಡಿತು, ಥೋರಿನ್‌ನದೂ ಕಂಡಿತು, ಆದರೆ ಕೀಲಿ ಎಲ್ಲಿ ಹೋದ? ಇದಕ್ಕೆ ಪರಿಹಾರ ಸಿಕ್ಕಿದ್ದು ಮೂರನೆಯ ಚಿತ್ರದ ವಿಸ್ತೃತ ಆವೃತ್ತಿಯಲ್ಲಿ. ಚಿತ್ರಮಂದಿರದಲ್ಲಿ ತೋರಿಸದಿದ್ದ ಅಂತ್ಯಕ್ರಿಯೆಯ ದೃಶ್ಯ ಅದರಲ್ಲಿದೆ; ಥೋರಿನ್, ಫೀಲಿ, ಕೀಲಿ ಮೂವರ ದೇಹಗಳನ್ನೂ ಅಲ್ಲಿ ಮಲಗಿಸಿದ್ದಾರೆ. ಪುಸ್ತಕ ಕೂಡ ಆ ಸೋದರರಿಬ್ಬರ ಸಾವನ್ನು ಘಟನೆಯಾಗಿ ತೋರಿಸದೆ, ತಮ್ಮ ಸೋದರಮಾವನನ್ನು ಕಾಯುತ್ತ ಅವರು ಮಡಿದರೆಂದು ಆಮೇಲೆ ಹೇಳಿ ಮುಗಿಸುತ್ತದೆ. ವಿಸ್ತೃತ ಆವೃತ್ತಿಗಳನ್ನು ‘ಇನ್ನಷ್ಟು ಉದ್ದ’ ಎಂದು ಬದಿಗಿಡುವವರಿಗೆ ನಾನು ಹೇಳುವುದು ಇಷ್ಟು: ಪುಸ್ತಕಕ್ಕೆ ಹತ್ತಿರವಾದ ಹಲವು ದೃಶ್ಯಗಳು ಅವುಗಳಲ್ಲೇ ಅಡಗಿವೆ. ಬೆಯೋರ್ನ್‌ನ ಮನೆಗೆ ಮಂತ್ರವಾದಿ ಗ್ಯಾಂಡಾಲ್ಫ್ ಕುಬ್ಜರನ್ನು ಕೆಲವರಂತೆ ಕೆಲವರಂತೆ ಕರೆತರುವುದು, ಮರ್ಕ್‌ವುಡ್ ಕಾಡಿನ ಮಾಯೆಯ ತೊರೆಯಲ್ಲಿ ಕುಬ್ಜ ಬಾಂಬುರ್ ಬಿದ್ದು ನಿದ್ದೆಹೋಗುವುದು ಎರಡೂ ಎರಡನೆಯ ಚಿತ್ರದ ವಿಸ್ತೃತ ಆವೃತ್ತಿಯಲ್ಲೇ ಇವೆ, ನನ್ನ ಸಂಕಲನದಲ್ಲೂ ಇವೆ.

ಸುಲಭವಾಗಿ ಹೋದವು ಕೆಲವು. ಗ್ಯಾಂಡಾಲ್ಫ್ ಕುಬ್ಜರನ್ನು ಬಿಟ್ಟು ಹೋಗುವ ಡೋಲ್ ಗುಲ್ಡುರ್ ಕೋಟೆಯ ಇಡೀ ಎಳೆ ಯಾವ ಗಾಯವನ್ನೂ ಉಳಿಸದೆ ಹೊರಬಂತು. ಗ್ಯಾಂಡಾಲ್ಫ್ ಕಾಡಿನ ಅಂಚಿನಲ್ಲಿ ಬೀಳ್ಕೊಂಡು ಹೋಗುತ್ತಾನೆ; ಬಿಲ್ಬೋ ಆರ್ಕೆನ್‌ಸ್ಟೋನ್ ರತ್ನವನ್ನು ಎದುರು ಪಾಳೆಯಕ್ಕೆ ಒಯ್ದಾಗ ಅಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆರಂಭದ ಮುದಿ ಬಿಲ್ಬೋ, ಫ್ರೋಡೋ ಮತ್ತು ಸ್ಮಾಗ್‌ನ ಹಳೆಯ ದಾಳಿಯ ಪೀಠಿಕೆಯನ್ನೂ ಬಿಟ್ಟೆ. ಡ್ರ್ಯಾಗನ್‌ನ ಬಗೆಗೆ ಮೊದಲು ಮಾತಷ್ಟೇ ಕೇಳಿಸಬೇಕು, ರೂಪ ಕಾಣಬಾರದು.

ಅತ್ಯಂತ ಕಷ್ಟ ಕೊಟ್ಟದ್ದು ಪೀಪಾಯಿಗಳ ಪ್ರಸಂಗ. ಕಾದಂಬರಿಯಲ್ಲಿ ಬಿಲ್ಬೋ ಕುಬ್ಜರನ್ನು ಪೀಪಾಯಿಗಳೊಳಗೆ ಮುಚ್ಚಿ ನದಿಗೆ ಬಿಡುತ್ತಾನೆ. ಯಾವ ಕಾಳಗವೂ ಇಲ್ಲ. ಚಿತ್ರದಲ್ಲಿ ಪೀಪಾಯಿಗಳು ತೆರೆದಿವೆ, ಓರ್ಕ್‌ಗಳ ದಾಳಿಯಿದೆ, ನೀರುಬಾಗಿಲನ್ನು ತೆರೆಯಲು ಹತ್ತಿದ ಕೀಲಿಯ ಕಾಲಿಗೆ ಬಾಣ ತಗಲುತ್ತದೆ. ಎಲ್ಲವನ್ನೂ ತೆಗೆಯಬಹುದಲ್ಲ ಎಂದು ಕೇಳಬಹುದು. ಆ ಗಾಯವನ್ನು ತೆಗೆದರೆ ಕೀಲಿ ಲೇಕ್‌ಟೌನ್‌ನಲ್ಲಿ ಉಳಿಯಲು ಕಾರಣವಿರುವುದಿಲ್ಲ. ಅವನ ಜೊತೆಗೆ ಫೀಲಿ, ಓಯಿನ್ ಮತ್ತು ಬೋಫುರ್ ಕೂಡ ಅಲ್ಲೇ ಉಳಿಯುತ್ತಾರೆ, ಬೆಟ್ಟ ಹತ್ತುವ ಶಾಟ್‌ಗಳಲ್ಲಿ ಹದಿಮೂರು ಕುಬ್ಜರ ಬದಲು ಒಂಬತ್ತೇ ಜನ ಇದ್ದಾರೆ. ಚಿತ್ರೀಕರಣವಾಗದ್ದನ್ನು ಸಂಕಲನಕಾರ ಸೃಷ್ಟಿಸಲಾರ. ಆದ್ದರಿಂದ ಬಾಗಿಲು ಮುಚ್ಚುವುದು, ಓರ್ಕ್‌ಗಳು ನುಗ್ಗುವುದು, ಬಾಣ, ಬಾಗಿಲು ತೆರೆಯುವುದು, ಪೀಪಾಯಿಗಳು ಧುಮುಕುವುದು ಇಷ್ಟನ್ನು ಇಟ್ಟು, ನಂತರದ ದಡದ ಕಾಳಗವನ್ನೂ ಬಾಂಬುರ್‌ನ ಪೀಪಾಯಿಯ ಚಮತ್ಕಾರವನ್ನೂ ಕೈಬಿಟ್ಟು, ನೇರವಾಗಿ ತಿಳಿಯಾದ ನೀರಿಗೆ ಬಂದೆ.

ಚಿತ್ರಿಕೆಯ ಕಟ್ ಅಲ್ಲಿ ಬೇಗ ಕೂಡಿತು, ಧ್ವನಿ ಕೂಡಲಿಲ್ಲ. ಈ ಕೆಲಸದ ನಿಜವಾದ ಶ್ರಮ ಇರುವುದು ಧ್ವನಿಯಲ್ಲಿಯೇ. ಚಿತ್ರ ತಯಾರಿಸುವವರ ಬಳಿ ಮಾತು, ಸಂಗೀತ, ಪರಿಣಾಮಗಳು ಬೇರೆ ಬೇರೆಯಾಗಿರುತ್ತವೆ; ನಮಗೆ ಸಿಗುವುದು ಬೆರೆತುಹೋದ ಟ್ರ್ಯಾಕ್. ದೃಶ್ಯದ ನಡುವೆ ಒಂದು ನಿಮಿಷ ತೆಗೆದರೆ ಹೋವರ್ಡ್ ಶೋರ್ ಅವರ ಸಂಗೀತವೂ ಒಂದು ನಿಮಿಷ ಜಿಗಿಯುತ್ತದೆ, ಕಣ್ಣು ಗಮನಿಸದ್ದನ್ನು ಕಿವಿ ತಕ್ಷಣ ಹಿಡಿಯುತ್ತದೆ. ನೆರವಿಗೆ ಬಂದದ್ದು ಸರೌಂಡ್ ಧ್ವನಿಯ ರಚನೆ. ಅದರಲ್ಲಿ ಮಾತು ಹೆಚ್ಚಾಗಿ ಸೆಂಟರ್ ಚಾನೆಲ್‌ನಲ್ಲಿ, ಸಂಗೀತ ಹೆಚ್ಚಾಗಿ ಎಡ-ಬಲ ಚಾನೆಲ್‌ಗಳಲ್ಲಿ ಇರುತ್ತದೆ. ಚಾನೆಲ್‌ಗಳನ್ನು ಬಿಡಿಸಿಕೊಂಡು ಪ್ರತಿಯೊಂದನ್ನೂ ಬೇರೆ ಬೇರೆ ಫ್ರೇಮ್‌ನಲ್ಲಿ ಕತ್ತರಿಸಿದೆ: ಮಾತು ಚಿತ್ರಿಕೆಯ ಜೊತೆಗೇ ಮುಗಿಯುತ್ತದೆ, ಸಂಗೀತ ಮುಂದಿನ ಶಾಟ್‌ನೊಳಗೂ ಹರಿದು ತಾಳದ ಬಡಿತ ಬಿದ್ದ ಕಡೆ ಇನ್ನೊಂದಕ್ಕೆ ಕ್ರಾಸ್‌ಫೇಡ್ ಆಗುತ್ತದೆ, ಅಂದರೆ ಒಂದು ಇಳಿಯುತ್ತ ಇನ್ನೊಂದು ಏರುತ್ತದೆ. ಸ್ವರ ಹೊಂದದ ಕಡೆಗಳಲ್ಲಿ ಅಧಿಕೃತ ಧ್ವನಿಮುದ್ರಿಕೆಯಿಂದ ಅದೇ ಸಂಗೀತದ ಶುದ್ಧ ಭಾಗವನ್ನು ತಂದು ಸೇತುವೆ ಕಟ್ಟಿದೆ. ನೀರುಬಾಗಿಲಿನಿಂದ ತಿಳಿನೀರಿಗೆ ಬರುವ ಕಟ್‌ನಲ್ಲಿ ಮಾತ್ರ ಸಂಗೀತವನ್ನೇ ಬಿಟ್ಟು, ನದಿಯ ಮೊರೆತವನ್ನು ಎರಡು ಪದರಗಳಲ್ಲಿ ಹಾಕಿ, ಒಂದನ್ನು ಕಟ್‌ಗಿಂತ ಮೊದಲೇ ಏರಿಸಿ ಇನ್ನೊಂದನ್ನು ಕಟ್ ಆದ ಮೇಲೆ ನಿಧಾನವಾಗಿ ಇಳಿಸಿದೆ. ಆ ಮೊರೆತ ಕೇಳುತ್ತಿರುವಾಗ ನಡುವೆ ಏನೋ ಹಾರಿಹೋಗಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇನ್ನೊಂದು ಉಪಾಯ ಹೊಸಬರಿಗೆ ಉಪಯೋಗಕ್ಕೆ ಬರುತ್ತದೆ. ಡಿಸ್ಕ್‌ಗಳಲ್ಲಿ ಬೇರೆ ಭಾಷೆಗಳಿಗೆ ಡಬ್ ಆದ ಟ್ರ್ಯಾಕ್‌ಗಳೂ ಇರುತ್ತವೆ. ಅವುಗಳಲ್ಲಿ ಸಂಗೀತ ಮತ್ತು ಪರಿಣಾಮಗಳು ಮೂಲದವೇ, ಮಾತು ಮಾತ್ರ ಬೇರೆ. ಕತ್ತರಿಸಬೇಕಾದ ಜಾಗದಲ್ಲಿ ಇಂಗ್ಲಿಷ್ ಟ್ರ್ಯಾಕ್‌ನಲ್ಲಿ ಯಾರೋ ಕೂಗುತ್ತಿದ್ದರೆ, ಅದೇ ಕ್ಷಣ ಇನ್ನೊಂದು ಭಾಷೆಯ ಟ್ರ್ಯಾಕ್‌ನಲ್ಲಿ ಮಾತು ಅರೆಗಳಿಗೆ ಮೊದಲೇ ಮುಗಿದಿರಬಹುದು. ಆ ಅರೆಗಳಿಗೆಯ ಮೌನವೇ ನಮಗೆ ಬೇಕಾದದ್ದು. ಧ್ವನಿಯಿಂದ ಮಾತನ್ನು ಬೇರ್ಪಡಿಸುವ ಈಗಿನ ತಂತ್ರಾಂಶಗಳೂ ಇವೆ. ಅವು ಬಿಟ್ಟುಹೋಗುವ ಲೋಹದಂಥ ಸದ್ದು ಮೌನದ ದೃಶ್ಯಗಳಲ್ಲಿ ಎದ್ದು ಕೇಳುವುದರಿಂದ, ಗದ್ದಲವಿರುವ ಕಡೆ ಮಾತ್ರ ಅವನ್ನು ಬಳಸಿದೆ.

ಟಾರಿಯೆಲ್ ಪಾತ್ರದ ಬಗ್ಗೆ ನನ್ನ ನಿಲುವನ್ನು ಸ್ಪಷ್ಟಪಡಿಸಬೇಕು. ಆಕೆ ಪುಸ್ತಕದಲ್ಲಿಲ್ಲ ಎಂಬುದು ಆಕೆಯನ್ನು ತೆಗೆಯಲು ನನಗೆ ಸಾಕಾದ ಕಾರಣವಲ್ಲ. ಹೆಣ್ಣುಪಾತ್ರಗಳೇ ಇಲ್ಲವೆನ್ನಬಹುದಾದ ಕತೆಯಲ್ಲಿ ಎಲ್ಫ್ ಕಾವಲುಪಡೆಯ ನಾಯಕಿಯೊಬ್ಬಳಿರುವುದು ಕತೆಗೆ ಭಾರವಲ್ಲ. ಭಾರವಾದದ್ದು ಕೀಲಿಯೊಂದಿಗಿನ ಪ್ರೇಮದ ಎಳೆ. ಅದು ಬಿಲ್ಬೋ ಇಲ್ಲದ ಕಡೆಗಳಲ್ಲೇ ಬೆಳೆಯುತ್ತದೆ. ಹಾಗಾಗಿ ಕಾಡಿನಲ್ಲಿ, ಸೆರೆಮನೆಯ ಕಾವಲಿನಲ್ಲಿ ಆಕೆ ಉಳಿದಳು. ಲೇಕ್‌ಟೌನ್‌ನ ಮನೆಯೊಳಗಿನ ಓರ್ಕ್ ದಾಳಿ ಮತ್ತು ಚಿಕಿತ್ಸೆಯ ದೃಶ್ಯ ಹೋದವು. ಆದರೆ ಸ್ಮಾಗ್ ಬರುವ ರಾತ್ರಿ ದೋಣಿಯಲ್ಲಿ ಕುಬ್ಜರ ಜೊತೆ ಆಕೆಯೂ ಇದ್ದಾಳೆ. ಅಲ್ಲಿ ಕೆಲವು ಶಾಟ್‌ಗಳನ್ನು ಹಿಗ್ಗಿಸಿ ಆಕೆಯನ್ನು ಚೌಕಟ್ಟಿನ ಹೊರಗೆ ತಳ್ಳಿದೆ. ಬ್ಲೂ-ರೇ ಫ್ರೇಮ್ 1920×1080 ಎಂದಿದ್ದರೂ 2.39:1 ಅನುಪಾತದ ಚಿತ್ರಕ್ಕೆ ಎತ್ತರದಲ್ಲಿ ಸಿಗುವುದು ಸುಮಾರು 800 ಸಾಲುಗಳು ಮಾತ್ರ, ಆದ್ದರಿಂದ ಶೇ. 15ಕ್ಕಿಂತ ಹೆಚ್ಚು ಹಿಗ್ಗಿಸಿದರೆ ಮೃದುತನ ಕಣ್ಣಿಗೆ ಬೀಳುತ್ತದೆ.

ಸ್ಮಾಗ್ ಮತ್ತು ಬಿಲ್ಬೋರ ಸಂಭಾಷಣೆಯನ್ನು ಬಹುತೇಕ ಮುಟ್ಟಲಿಲ್ಲ. ಮೂರೂ ಚಿತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗಗಳು ಅದು ಮತ್ತು ಗುಹೆಯ ಜೀವಿ ಗೊಲ್ಲುಮ್‌ನೊಂದಿಗಿನ ಒಗಟುಗಳ ಆಟ. ಅದಾದ ಮೇಲೆ ಕುಲುಮೆಯಲ್ಲಿ ಕುಬ್ಜರು ಡ್ರ್ಯಾಗನ್ ಜೊತೆ ಹೋರಾಡಿ, ಕರಗಿದ ಬಂಗಾರದಲ್ಲಿ ಅದನ್ನು ಮುಳುಗಿಸುವ ಭಾಗ ಪುಸ್ತಕದಲ್ಲಿಲ್ಲ. ಅದು ಹೋದರೆ ಸ್ಮಾಗ್ ಮೈಯಿಂದ ಬಂಗಾರ ಕೊಡವುತ್ತ ಹಾರುವ ಶಾಟ್ ಕೂಡ ಹೋಗಲೇಬೇಕು. ಲೇಕ್‌ಟೌನ್‌ನವರ ಮೇಲೆ ಸಂಶಯಗೊಂಡು ಅಲ್ಲಿಗೆ ಹೊರಡುವ ಅದರ ಮಾತನ್ನು ಸಂಭಾಷಣೆಯ ಕೊನೆಗೆ ತಂದು, ಅಲ್ಲಿಂದ ಮೂರನೆಯ ಚಿತ್ರದ ಆರಂಭದ ದಾಳಿಗೆ ಜೋಡಿಸಿದೆ. ಎರಡು ಚಿತ್ರಗಳ ನಡುವಿನ ಒಂದು ವರ್ಷದ ಅಂತರ ಹೀಗೆ ಒಂದು ಕಟ್‌ನಲ್ಲಿ ಮುಚ್ಚಿತು.

ಹಕ್ಕುಸ್ವಾಮ್ಯದ ವಿಚಾರದಲ್ಲಿ ಈ ಹವ್ಯಾಸಿಗಳ ನಡುವೆ ಇರುವ ರೂಢಿ ಕಟ್ಟುನಿಟ್ಟಾದದ್ದು: ಮೂಲ ಡಿಸ್ಕ್‌ಗಳನ್ನು ಕೊಂಡಿರಬೇಕು, ಸಂಕಲನವನ್ನು ಎಂದೂ ಮಾರಬಾರದು. ಇಷ್ಟಾದರೂ ಕಾನೂನು ನಮ್ಮ ಪರವಾಗಿದೆ ಎಂದು ಭಾವಿಸುವಂತಿಲ್ಲ. ಡಿಸ್ಕ್‌ನ ಬೀಗ ಮುರಿಯುವುದಕ್ಕೇ ಹಲವು ದೇಶಗಳಲ್ಲಿ ನಿರ್ಬಂಧವಿದೆ. ನನ್ನ ಪ್ರತಿಯನ್ನು ನಾನು ಮನೆಯಾಚೆಗೆ ಕೊಟ್ಟಿಲ್ಲ, ಎಲ್ಲೂ ಏರಿಸಿಲ್ಲ.

ಒಟ್ಟು ಅವಧಿ ಈಗ ನಾಲ್ಕು ಗಂಟೆಗೆ ತುಸು ಮೇಲಿದೆ. ಪುಸ್ತಕ ಓದದ ಗೆಳೆಯರು ಒಮ್ಮೆ ಮನೆಗೆ ಬಂದು ನೋಡಿದಾಗ ಥೋರಿನ್ ಹೇಗೆ ಗಾಯಗೊಂಡ ಎಂದು ಯಾರೂ ಕೇಳಲಿಲ್ಲ. ಬಿಲ್ಬೋ ಅವನನ್ನು ಹುಡುಕಿಕೊಂಡು ಹೋಗುವಾಗಲೇ ಅವರಿಗೆ ಅರ್ಥವಾಗಿತ್ತು. ದೋಣಿಯ ಶಾಟ್‌ಗಳು ಮಾತ್ರ ಇನ್ನೂ ನನಗೆ ಒಪ್ಪಿಗೆಯಾಗಿಲ್ಲ. ಹಿಗ್ಗಿಸುವ ಬದಲು ಟಾರಿಯೆಲ್ ಅಲ್ಲಿ ಇರುವುದಕ್ಕೆ ಒಂದು ಕಾರಣ ಕೊಡುವುದೇ ಸರಿಯಾದೀತು ಎಂದು ತೋರುತ್ತಿದೆ. ಪಟ್ಟಣದೊಳಗೆ ಆಕೆ ಕಾಣಿಸಿಕೊಳ್ಳುವ ಒಂದೆರಡು ಶಾಟ್‌ಗಳನ್ನು ಮತ್ತೆ ಟೈಮ್‌ಲೈನಿಗೆ ತಂದು ಹೊಂದಿಸುತ್ತಿದ್ದೇನೆ.