ಕತ್ತರಿ, ಗೋಂದು, ಜೆರಾಕ್ಸ್: ಪಂಕ್ ಪೋಸ್ಟರ್ ಮಾಡುವುದು ಹೀಗೆ

ಪಂಕ್ ಪೋಸ್ಟರ್ ಬೇಕಾ? ಪಂಕ್ ಅಂದರೆ 1970ರ ದಶಕದ ಒರಟು ರಾಕ್ ಸಂಗೀತ, ಅದರ ಪೋಸ್ಟರಿನಲ್ಲಿ ಅಕ್ಷರಗಳನ್ನು ಪೇಪರಿನಿಂದ ಕತ್ತರಿಸಿ ಅಂಟಿಸುತ್ತಾರೆ. ಮೊದಲು ಕಂಪ್ಯೂಟರ್ ಆಫ್ ಮಾಡಿ. ಹರಿದ ಅಕ್ಷರದ ಫಾಂಟುಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ, ಬೇಡ. ಅದರಲ್ಲಿ ಮೂರು ಸಲ 'ಕ' ಬಂದರೆ ಮೂರೂ ಒಂದೇ ಥರ ಹರಿದಿರುತ್ತವೆ. ನಾನು ದಿನವಿಡೀ ಲಗ್ನಪತ್ರಿಕೆ ಡಿಸೈನ್ ಮಾಡುವವನು. ಗಣಪತಿ ಎಲ್ಲಿ, ಮುಹೂರ್ತ ಎಲ್ಲಿ, ಎಲ್ಲಕ್ಕೂ ಮಿಲಿಮೀಟರ್ ಲೆಕ್ಕ. ಗೆಳೆಯರ ಬ್ಯಾಂಡಿಗೆ ಪೋಸ್ಟರ್ ಮಾಡುವಾಗ ಮಾತ್ರ ಸ್ಕೇಲು ಮುಟ್ಟುವುದಿಲ್ಲ.

ಕತ್ತರಿ ಹಿಡಿಯುವ ಮುಂಚೆ ಇಂಗ್ಲೆಂಡಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ 'ಗಾಡ್ ಸೇವ್ ದ ಕ್ವೀನ್' ಹಾಡಿನ ರೆಕಾರ್ಡ್ ಕವರ್ ನೋಡಿ. 1977, ಬ್ರಿಟನ್ನಿನಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೇರಿದ 25ನೇ ವರ್ಷದ ಸಂಭ್ರಮ. ಕವರ್ ಡಿಸೈನ್ ಮಾಡಿದ ಜೇಮೀ ರೀಡ್ ಮಾಡಿದ್ದು ಇಷ್ಟೇ: ರಾಣಿಯ ಫೋಟೊ, ಕಣ್ಣಿನ ಜಾಗದಲ್ಲಿ ಹಾಡಿನ ಹೆಸರು, ಬಾಯಿಯ ಜಾಗದಲ್ಲಿ ಬ್ಯಾಂಡಿನ ಹೆಸರು. ಒಂದು ಮುಖ, ಎರಡು ಪಟ್ಟಿ. ನಮ್ಮವರು ಪಂಕ್ ಅಂದ ತಕ್ಷಣ ತಲೆಬುರುಡೆ, ಸೇಫ್ಟಿ ಪಿನ್ನು, ರಕ್ತ ಎಲ್ಲ ತುರುಕುತ್ತಾರೆ. ಅಷ್ಟೊಂದು ಯಾಕೆ?

ನೀವೂ ಒಂದೇ ಫೋಟೊ ತಗೊಳ್ಳಿ. ಜೆರಾಕ್ಸ್ ಮಾಡಿಸಿ, ಆ ಕಾಪಿಯದೇ ಕಾಪಿ ತೆಗೆಸಿ, ಅದರದು ಇನ್ನೊಂದು. ಬೂದು ಬಣ್ಣ ಕರಗುತ್ತಾ ಹೋಗಿ ಕಪ್ಪು-ಬಿಳುಪು ಮಾತ್ರ ಉಳಿಯುತ್ತದೆ. ಅಂಗಡಿಯವರಿಗೆ ಫೋಟೊ ಮೋಡ್ ಬೇಡ, ಟೆಕ್ಸ್ಟ್ ಮೋಡಿನಲ್ಲಿಡಿ ಅನ್ನಿ. 'ಚೆನ್ನಾಗಿ ಬರಲ್ಲ ಸರ್' ಅಂತಾರೆ. ನಮಗೆ ಬೇಕಾದದ್ದೇ ಅದು.

ಅಕ್ಷರಕ್ಕೆ ಹಳೇ ಪೇಪರು, ಸಿನಿಮಾ ಜಾಹೀರಾತು ಸಾಕು. ಆದರೆ ಕನ್ನಡದಲ್ಲಿ ಇಂಗ್ಲಿಷಿನ ಹಾಗೆ ಚೌಕಕ್ಕೆ ಕತ್ತರಿಸಿದರೆ ಕೆಟ್ಟಿತು. ಹೆಡ್‌ಲೈನ್ ಎರಡು ಸಾಲಿದ್ದರೆ ಮೇಲಿನ 'ಮಂಡ್ಯ'ದ ಯಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗಿಕೊಂಡೇ ಇರುತ್ತದೆ. ನೇರ ಕತ್ತರಿಸಿದರೆ ಉಳಿಯುವುದು 'ಮಂಡ'. ಅದಕ್ಕೇ ಚಿಕ್ಕ ಕತ್ತರಿಯಲ್ಲಿ ಒತ್ತಿನ ಸುತ್ತ ಬಳಸಿ ಬನ್ನಿ. ಕೆಳಸಾಲಿನ ತಲೆಕಟ್ಟು ಚೂರು ಅಂಟಿಕೊಂಡು ಬಂದರೆ ಬರಲಿ, ನೋಡೋಕೆ ಇನ್ನೂ ಚೆನ್ನ. ಬ್ಯಾಂಡಿನ ಹೆಸರಿಗೆ ಮಾತ್ರ ಈ ಆಟ. ದಿನಾಂಕ, ಜಾಗ, ಟೈಮು ಮಾರ್ಕರಿನಲ್ಲಿ ಬಿಡಿಸಿ ಬರೆಯಿರಿ. ಮಾರ್ಕ್ ಪೆರ್ರಿ 1976ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ 'ಸ್ನಿಫಿನ್ ಗ್ಲೂ' ಎಂಬ ಪಂಕ್ ಅಭಿಮಾನಿ ಪತ್ರಿಕೆಯೂ ಹೀಗೇ, ಟೈಪ್‌ರೈಟರು ಮತ್ತು ಫೆಲ್ಟ್ ಪೆನ್ನಿನಲ್ಲಿ ಹುಟ್ಟಿದ್ದು. ತಪ್ಪಿದ್ದನ್ನು ಗೀಚಿ ಮುಂದೆ ಹೋಗುತ್ತಿದ್ದರು. ಓದೋಕೆ ಆಗ್ತಿತ್ತು, ಅಲ್ವಾ?

ಅಂಟಿಸಲು ಗ್ಲೂ ಸ್ಟಿಕ್ ಒಳ್ಳೆಯದು. ನೀರುಗೋಂದು ಹಾಕಿದರೆ ನ್ಯೂಸ್‌ಪ್ರಿಂಟ್ ಸುಕ್ಕಾಗುತ್ತದೆ. ಚೀಟಿಗಳ ಅಂಚು ಜೆರಾಕ್ಸಿನಲ್ಲಿ ಸಣ್ಣ ಕರಿ ಗೆರೆಯಾಗಿ ಬೀಳುತ್ತದೆ, ವೈಟ್ನರ್ ಹಚ್ಚಿ ಮುಚ್ಚಬೇಡಿ. ಹಾಳೆಯ ಸುತ್ತ ಒಂದು ಸೆಂಟಿಮೀಟರ್ ಖಾಲಿ ಬಿಡಿ, ಮಷಿನ್ ತುದಿಯವರೆಗೆ ಪ್ರಿಂಟ್ ಮಾಡುವುದಿಲ್ಲ.

ಬಣ್ಣಕ್ಕೆ ಖರ್ಚು ಬೇಡ, ಹಳದಿ ಅಥವಾ ಗುಲಾಬಿ ಹಾಳೆಯ ಮೇಲೆ ಕಪ್ಪು ಪ್ರಿಂಟ್ ಹೊಡೆಸಿ. ಎ4 ಅನ್ನು 141 ಪರ್ಸೆಂಟಿಗೆ ದೊಡ್ಡದು ಮಾಡಿದರೆ ಎ3 ಪೋಸ್ಟರ್. ಅಂಟಿಸಿದ ಮೂಲ ಹಾಳೆ ಬಿಸಾಡಬೇಡಿ. ಮುಂದಿನ ಶೋಗೆ ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಿದರೆ ಆಯ್ತು.