ಹದಿನೇಳರ ಮಗ್ಗಿ ಮತ್ತು ನನ್ನ 24ರ ಆವರೇಜ್

ಪುಣೆಯಲ್ಲಿ ರೋಡ್ ಬೈಕ್ (ತೆಳು ಟೈರಿನ, ವೇಗದ ಸೈಕಲ್) ಕೊಂಡ ವಾರದೊಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಆವರೇಜ್ ಎಷ್ಟು?" ನಾನು ನಿಜ ಹೇಳಿಬಿಟ್ಟೆ, ಗಂಟೆಗೆ ಹದಿನಾರು ಕಿ.ಮೀ. ಅಂತ. ಕೇಳಿದವರು ಟೀ ಗ್ಲಾಸ್ ಕೆಳಗಿಟ್ಟು "ಆಗುತ್ತೆ ಬಿಡಿ ಸರ್" ಅಂದರು. ಆ 'ಬಿಡಿ' ಒಂದೂವರೆ ವರ್ಷ ನನ್ನ ಕಿವಿಯಲ್ಲೇ ಇತ್ತು.

ಈಗ ಸಿಂಹಗಡ ರೋಡಿನ ನಮ್ಮ ಮನೆಯಿಂದ ಖಡಕವಾಸ್ಲಾ ದಾಟಿ, ಪಾನ್‌ಶೇತ್ ದಿಕ್ಕಿಗೆ ಹೋಗಿ ವಾಪಸ್ ಬರುವ 52 ಕಿ.ಮೀ.ಗೆ ನನ್ನ ಆವರೇಜ್ 24. ಒಬ್ಬನೇ, ಗಾಳಿ ತಪ್ಪಿಸಿಕೊಳ್ಳಲು ಯಾರ ಬೆನ್ನ ಹಿಂದೆಯೂ ಅಡಗದೆ. ವಯಸ್ಸು 44, ಕೆಲಸ ದಿನವಿಡೀ ಕುರ್ಚಿಯ ಮೇಲೆ. ಹೇಗಾಯಿತು ಅಂತ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಹಿಂದೆ ಎಂಟು ಗೇರಿನ ಕ್ಲಾರಿಸ್ ಗೇರ್ ಸೆಟ್ ಇರುವ ಸೈಕಲ್ಲಿಗೆ ಸುಮಾರು 62 ಸಾವಿರ ಕೊಟ್ಟೆ. ಅದರ ಬಗ್ಗೆ ತಕರಾರಿಲ್ಲ. ಮೂರನೇ ತಿಂಗಳಲ್ಲೂ ಹದಿನೇಳು ದಾಟದಿದ್ದಾಗ ಅಂಗಡಿಯವರೊಬ್ಬರು ಚಕ್ರ ಬದಲಾಯಿಸಿ, ಎರಡು ಕಿ.ಮೀ. ಸುಮ್ನೆ ಜಾಸ್ತಿ ಸಿಗುತ್ತೆ ಅಂದರು. ಸೆಕೆಂಡ್ ಹ್ಯಾಂಡ್ ಕಾರ್ಬನ್ ಚಕ್ರ, 28 ಸಾವಿರ. ಸಿಕ್ಕಿದ್ದು ಒಳ್ಳೆಯ ಸದ್ದು ಮಾತ್ರ. ನಾಲ್ಕು ತಿಂಗಳಿಗೆ 19 ಸಾವಿರಕ್ಕೆ ಮಾರಿದೆ. ಶೂ ಲಾಕ್ ಆಗುವ ಕ್ಲಿಪ್ ಪೆಡಲ್, ಅದರ ಶೂ ಸೇರಿ ಇನ್ನೊಂದು ಎಂಟೂವರೆ ಸಾವಿರ. ನಾಂದೇಡ್ ಫಾಟಾ ಹತ್ತಿರ ನಿಲ್ಲಿಸುವಾಗ ಕಾಲು ಬಿಡಿಸಿಕೊಳ್ಳಲಿಲ್ಲ, ಟೀ ಅಂಗಡಿಯ ಮುಂದೆ ಬಾಳೆಗಿಡದ ಹಾಗೆ ಮೆಲ್ಲಗೆ ಪಕ್ಕಕ್ಕೆ ಬಿದ್ದೆ. ಮೊಣಕೈ ತರಚಿತು. ಟೀ ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ, ಅದು ಇನ್ನೂ ಜಾಸ್ತಿ ನೋವಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬೆಳಿಗ್ಗೆ, ಖಡಕವಾಸ್ಲಾಕ್ಕೆ ಇನ್ನೂ ಮೂರು ಕಿ.ಮೀ. ಇರುವಾಗ, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್ ಒಬ್ಬರು ಹಳೇ ಕಪ್ಪು ಸೈಕಲ್ ಮೇಲೆ ನನ್ನನ್ನು ದಾಟಿ ಹೋದರು. ಕಾಲಲ್ಲಿ ಹವಾಯಿ ಚಪ್ಪಲಿ, ಹ್ಯಾಂಡಲ್ಲಿಗೆ ಊಟದ ಡಬ್ಬಿ. ಅವರು ಏದುಸಿರು ಬಿಡುತ್ತಿರಲಿಲ್ಲ. ನಾನು ಬಿಡುತ್ತಿದ್ದೆ.

ಆದರೆ ಬುದ್ಧಿ ಬಂದದ್ದು ಆಗ ಅಲ್ಲ, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯಾದ ಬಿಆರ್‌ಎಂನಲ್ಲಿ. ಸತಾರಾ ಹೈವೇಯ 200 ಕಿ.ಮೀ. ಮೊದಲ 50 ಕಿ.ಮೀ. ಗುಂಪಿನ ಜೊತೆ 28ರಲ್ಲಿ ಹೋದೆ, ಮೀಟರಿನ ಫೋಟೋ ಕೂಡ ತೆಗೆದೆ. ಖಂಬಾಟ್ಕಿ ಘಾಟಿನಲ್ಲಿ ತೊಡೆ ಹಿಡಿಯಿತು. ವಾಪಸ್ ಬರುವಾಗ 140ರ ಹತ್ತಿರ ಢಾಬಾದ ಮಂಚದ ಮೇಲೆ ಮಲಗಿದವನು ಮತ್ತೆ ಸೈಕಲ್ ಹತ್ತಲಿಲ್ಲ. ಮಲಗಿದ್ದಾಗ ನೋಡಿದೆ. ಅರವತ್ತು ದಾಟಿರಬಹುದಾದ ಒಬ್ಬರು, ಸಾದಾ ಹೈಬ್ರಿಡ್ ಸೈಕಲ್, ಹಿಂದೆ ಕ್ಯಾರಿಯರ್ ಬ್ಯಾಗ್, ಹೊಯ್ದಾಡದೆ ಒಂದೇ ಲಯದಲ್ಲಿ ಹೋದರು. ಮುಗಿಸಿಯೂ ಮುಗಿಸಿದರು. 200ಕ್ಕೆ ಕೊಡುವುದು ಹದಿಮೂರೂವರೆ ಗಂಟೆ. ಟೀ, ಊಟ, ಪಂಕ್ಚರ್, ಎಲ್ಲ ಅದರಲ್ಲೇ. ಲೆಕ್ಕ ಹಾಕಿ, ಗಂಟೆಗೆ 15 ಕಿ.ಮೀ.ಗೂ ಒಂಚೂರು ಕಡಿಮೆ. ನಾವು ನಿಂತರೂ ಆ ಗಡಿಯಾರ ನಿಲ್ಲುವುದಿಲ್ಲ.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಮೀಟರಿನ ಸ್ಪೀಡ್ ಕಾಣುವ ಜಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದ್ದು. ಇನ್ನು ಮೇಲೆ ಒಂದೇ ದಾರಿ, 52 ಕಿ.ಮೀ., ಬಿಲ್ಡಿಂಗ್ ಗೇಟಿನಿಂದ ಬಿಲ್ಡಿಂಗ್ ಗೇಟಿಗೆ. ಸಿಗ್ನಲ್, ನಾಯಿ, ಟೀ ಎಲ್ಲ ಸೇರಿ ಎಷ್ಟು ಹೊತ್ತು ಅನ್ನುವುದಷ್ಟೇ ಲೆಕ್ಕ. ಎರಡನೆಯದು ಮಗ್ಗಿ. ಓಡಿಸುತ್ತಾ ಹದಿನೇಳರ ಮಗ್ಗಿ ಬಾಯಿಬಿಟ್ಟು ಹೇಳಬೇಕು. ಹದಿನೇಳು ಒಂದ್ಲೆ ಹದಿನೇಳು, ಹದಿನೇಳು ಎರಡ್ಲೆ ಮೂವತ್ನಾಲ್ಕು. ನಡುವೆ ಉಸಿರು ಕಟ್ಟಿತೋ, ಗೇರ್ ಇಳಿಸಬೇಕು. ಎರಡರ ಮಗ್ಗಿ ಬೇಡ, ಅದು ಉಸಿರಿಲ್ಲದೆಯೂ ಬರುತ್ತೆ. ವಾರಕ್ಕೆ ಮೂರು ದಿನ ಹೀಗೆ. ಮಂಗಳವಾರ ಮಾತ್ರ ಮಗ್ಗಿ ಇಲ್ಲ, ಅವತ್ತು ನಲವತ್ತು ನಿಮಿಷ ಬೇರೆಯದೇ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆಗೆ ಓಡಿಸಿದವರಿಗೆ ಹೇಳಿದ್ದೇನೆ.

ಗುಂಪಿನಲ್ಲಿ ನಕ್ಕರು. ನಿಧಾನ ಓಡಿಸಿದರೆ ನಿಧಾನವೇ ಆಗ್ತೀರಿ ಅಂದರು. ಧಾಯರಿಯಲ್ಲಿರುವ ನಮ್ಮ ಭಾವ, ಮೂಲ ವಿಜಯಪುರದವರು, ಒಂದು ದಿನ ಜೊತೆಗೆ ಬಂದು ಹತ್ತೇ ನಿಮಿಷಕ್ಕೆ ಕೇಳಿದರು, "ತಮ್ಮಾ, ಸಾಲಿ ಹಚ್ಚೀಯೋ, ಸೈಕಲ್ ಹೊಡಿಯಾಕತ್ತೀಯೋ?"

ಮೊದಲ ಎರಡು ತಿಂಗಳು ಅವರೆಲ್ಲ ಹೇಳಿದ್ದೇ ನಿಜವಾಯಿತು. ಗೇಟಿನಿಂದ ಗೇಟಿಗೆ 3 ಗಂಟೆ 20 ನಿಮಿಷ ಇದ್ದದ್ದು 3 ಗಂಟೆ 25 ಆಯಿತು. ಜುಲೈ ಬೇರೆ. ಮಳೆಗಾಲದಲ್ಲಿ ಹೋಗುವಾಗ ಪಶ್ಚಿಮದ ಗಾಳಿ ಎದೆಗೇ ಹೊಡೆಯುತ್ತೆ. ಬರುವಾಗ ಅದೇ ಗಾಳಿ ದೂಡುತ್ತೆ ನಿಜ, ಆದರೆ ಕಳೆದ ಸಮಯ ಪೂರ್ತಿ ವಾಪಸ್ ಬರುವುದಿಲ್ಲ. ಸೆಪ್ಟೆಂಬರ್ ಕೊನೆಗೆ 2 ಗಂಟೆ 55 ನಿಮಿಷ. ಜನವರಿಯ ಒಂದು ಚಳಿಯ ಬೆಳಿಗ್ಗೆ ಗೇಟಿಗೆ ಬಂದಾಗ 2 ಗಂಟೆ 22. ಟೇಪ್ ಕಿತ್ತು ನೋಡಿದೆ. ಚಕ್ರ ತಿರುಗಿದ ಸಮಯ 2 ಗಂಟೆ 10 ನಿಮಿಷ, ಅಂದರೆ 24. ನಿಂತ ಹೊತ್ತೂ ಸೇರಿಸಿದರೆ 22. ವಾಚ್‌ಮನ್‌ಗೆ ಹೇಳಿದೆ, ಬೇರೆ ಯಾರೂ ಎದ್ದಿರಲಿಲ್ಲ. ಮುಂದಿನ ತಿಂಗಳು ಅದೇ 200 ಅನ್ನು ಹತ್ತೂಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ.

ಭಾವನ ಜೊತೆ ಆವರೇಜ್ ಬಗ್ಗೆ ಒಂದು ಜಗಳವೂ ಆಯಿತು. ಸಿಂಹಗಡ ಹತ್ತಿದ್ದೆವು. ಮೇಲೆ ಹೋಗುವ 9 ಕಿ.ಮೀ.ಗೆ ಒಂದು ಗಂಟೆ ಹತ್ತು ನಿಮಿಷ, ಇಳಿಯುವುದಕ್ಕೆ 20 ನಿಮಿಷ. ಮೇಲೆ ಪಿಠಲೆ ಭಾಕರಿ ತಿನ್ನುತ್ತಾ (ಪಿಠಲೆ ನಮ್ಮ ಝುಣಕದ ತಮ್ಮ, ಸ್ವಲ್ಪ ನೀರು ಜಾಸ್ತಿ) ಕುಳಿತಿದ್ದ ಮುಕ್ಕಾಲು ಗಂಟೆ ಬಿಟ್ಟೇ ಹೇಳುತ್ತಿದ್ದೇನೆ. ಕೆಳಗಿಳಿದ ಮೇಲೆ ಭಾವ ಹತ್ತಿದ ವೇಗ ಏಳೂಮುಕ್ಕಾಲು, ಇಳಿದ ವೇಗ 27, ಕೂಡಿಸಿ ಅರ್ಧ ಮಾಡಿ "ಹದಿನೇಳು" ಅಂದರು. ಅಲ್ಲ ಭಾವ, 18 ಕಿ.ಮೀ.ಗೆ ಒಂದೂವರೆ ಗಂಟೆ, ಹನ್ನೆರಡು. ನಿಧಾನದ ದಾರಿಯಲ್ಲಿ ನಾವು ಜಾಸ್ತಿ ಹೊತ್ತು ಇರುತ್ತೇವೆ, ಅಲ್ವಾ? ಅವರು ಮೊಸರಿನ ಮಡಕೆ ಖಾಲಿ ಮಾಡಿ, ಮೊಬೈಲ್ ತೆಗೆದು, ಮತ್ತೆ ಲೆಕ್ಕ ಹಾಕಿ, ಸುಮ್ಮನಾದರು. ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಉಳಿಸುವ ಎರಡು ನಿಮಿಷಕ್ಕಿಂತ, ಏರಿನಲ್ಲಿ ನಿಲ್ಲದೆ ಹೋಗುವುದರಲ್ಲೇ ಲಾಭ ಇದೆ.

ನಡುವೆ ಸುಮ್ಮನಿರಲಾರದೆ ಮಾಡಿದ ಪ್ರಯೋಗಗಳು ಬಹಳ. 25 ಮಿ.ಮೀ. ಅಗಲದ ಟೈರಿಗೆ ಗಾಳಿ 110 ಪಿಎಸ್‌ಐ ತುಂಬಿ ಓಡಿಸುತ್ತಿದ್ದೆ. 28ರ ಟೈರ್ ಹಾಕಿ 75ಕ್ಕೆ ಇಳಿಸಿದೆ. ಸಮಯದಲ್ಲಿ ಹೆಚ್ಚೆಂದರೆ ಎರಡು ನಿಮಿಷದ ವ್ಯತ್ಯಾಸ, ಆದರೆ ತೇಪೆ ಹಚ್ಚಿದ ರೋಡಿನಲ್ಲಿ ಕೈ ಜೋಮು ಹಿಡಿಯುವುದು ನಿಂತಿತು. ಪ್ರೆಶರ್ ತೋರಿಸುವ ಪಂಪಿಗೆ 1,800 ಕೊಟ್ಟಿದ್ದೆ, ಕೊಂಡದ್ದರಲ್ಲೆಲ್ಲ ಅದೇ ಶಾಣ್ಯಾ ಖರ್ಚು. ಓಡಿಸುವಾಗ ಶಕ್ತಿಗೆ ತಿನ್ನುವ ಜೆಲ್ ಬದಲು ಧಾರವಾಡದಿಂದ ಅವ್ವ ಕಳಿಸಿದ ಶೇಂಗಾ ಉಂಡಿ ತಿಂದು ನೋಡಿದೆ. ಮಗ್ಗಿ ದಿನ ಪರವಾಗಿಲ್ಲ. ಮಂಗಳವಾರ ಅಗಿಯುವುದಕ್ಕೆ ಉಸಿರಿರುವುದಿಲ್ಲ, ಅರ್ಧ ಉಂಡಿ ಗಡ್ಡಕ್ಕೇ ಹೋಗುತ್ತೆ. ಫೋನ್ ಮತ್ತು ಮೀಟರ್ ಎರಡನ್ನೂ ಒಂದೇ ರೈಡಿಗೆ ಹಚ್ಚಿದೆ. ಆವರೇಜಿನಲ್ಲಿ ಅರ್ಧ ಕಿ.ಮೀ.ಗಿಂತ ಜಾಸ್ತಿಯೇ ಫರಕು ಬಂತು, ನಿಂತಾಗ ಗಡಿಯಾರ ನಿಲ್ಲಿಸುವುದರಲ್ಲಿ ಒಂದು ಉದಾರ, ಇನ್ನೊಂದು ಜಿಪುಣ. ಹೇಳಿಕೊಳ್ಳುವುದಕ್ಕೆ ಜನ ಯಾವುದನ್ನು ಆರಿಸುತ್ತಾರೆ ಅಂತ ಹೇಳಬೇಕಾಗಿಲ್ಲ.

ಹೊಸಬರಿಗೆ ಎಷ್ಟು ಸರಿ ಅಂತ ಕೇಳಿದರೆ, ನಾನು ಮತ್ತು ನನ್ನ ಮಾತು ಕೇಳಿದ ನಾಲ್ಕು ಜನರನ್ನು ನೋಡಿ ಅಂದಾಜು ಹೇಳುತ್ತೇನೆ. ಪುಣೆಯ ಟ್ರಾಫಿಕ್, ಏರಿಳಿತದ ರೋಡ್, ಒಬ್ಬರೇ ಓಡಿಸಿದರೆ ಮೊದಲ ತಿಂಗಳು 15ರಿಂದ 18. ಬಿಡದೆ ಓಡಿಸಿದರೆ ಆರು ತಿಂಗಳಿಗೆ 20, 21. ವರ್ಷಕ್ಕೆ 23 ಬಂದರೆ ಸಿಹಿ ಹಂಚಿ. ಭಾವನಿಗೆ 51, ಎಂಟನೇ ತಿಂಗಳಲ್ಲಿ 20 ಮುಟ್ಟಿದರು, ಈಗ ಹತ್ತೊಂಬತ್ತರ ಮಗ್ಗಿಗೆ ಬಂದಿದ್ದಾರೆ. 28, 30 ಅನ್ನುವವರನ್ನು ಮೂರೇ ಕೇಳಿ. ಗುಂಪಿನಲ್ಲಾ? ಹೈವೇಯಲ್ಲಾ? ಮೀಟರ್ ಶುರು ಮಾಡಿದ್ದು ಮನೆ ಹತ್ತಿರವಾ, ಊರು ದಾಟಿದ ಮೇಲಾ? ಗುಂಪಿನ ನಡುವೆ ಕೂತರೆ ನಾನೂ 28 ಹೋಗುತ್ತೇನೆ, ಗಾಳಿ ಒಡೆಯುವುದು ಮುಂದಿನವರ ಪಾಡು.

ಮೊನ್ನೆ ಖಡಕವಾಸ್ಲಾ ಡ್ಯಾಮ್ ಹತ್ತಿರ ಭಜಿ ತಿನ್ನುವಾಗ ನನ್ನ ಕಾರ್ಬನ್ ಚಕ್ರ ಕೊಂಡವರು ಸಿಕ್ಕರು. ಚಕ್ರ ಅದೇ ಸದ್ದು ಮಾಡುತ್ತಿತ್ತು. ಆವರೇಜ್ ಎಷ್ಟು ಅಂತ ನಾನು ಕೇಳಲಿಲ್ಲ. ಅವರೇ ಕೇಳಿದರು, "ಹನ್ನೆರಡು ಸಾವಿರಕ್ಕೆ ಕೊಡ್ತೀನಿ, ವಾಪಸ್ ಬೇಕಾ?"